ಹೊಕ್ಕುಳ ಕೆಳಗಿನದು

ಭುವನೇಶ್ವರಿಗೆ ಎದೆಯ ಕ್ಯಾನ್ಸರ್ ಎಂದು ಗೊತ್ತಾದಾಗ ಜಹೀರಾಬಾದಿನ ಅವರ ಓಣಿಗೆ ಓಣಿಯೇ ಮನೆಗೆ ಬಂದು ಅತ್ತು ಹೋಗಿತ್ತು. ಆಪರೇಷನ್ ಆಗಿ ಹನ್ನೊಂದು ತಿಂಗಳಾದ ಮೇಲೆ ಅದೇ ಓಣಿ ರಾಗ ಬದಲಿಸಿತು. "ನಿನ್ನ ಪುಣ್ಯ ದೊಡ್ಡದವ್ವಾ. ಹೋದದ್ದು ಹೋತು, ಡಾಕ್ಟರು ಹೊಸಾದು ಮಾಡಿ ಕೊಟ್ರು" ಎಂದು ಹೆಂಗಸರು ಹೇಳುವರು, ಒಡೆದ ಕೊಡಕ್ಕೆ ಅಂಗಡಿಯವನು ಬದಲಿ ಕೊಡ ಕೊಟ್ಟ ಹಾಗೆ. ಹೇಳುತ್ತ ಹೇಳುತ್ತಲೇ ಅವರ ಕಣ್ಣು ಅವಳ ಸೆರಗಿನ ಎಡಭಾಗಕ್ಕೆ ಹೋಗಿ ಬರುವುದು. ಭುವನೇಶ್ವರಿ ನಕ್ಕು ಚಹಾಕ್ಕೆ ನೀರಿಡಲು ಏಳುವಳು. ಊರ ಬಾಯಿ ಮುಚ್ಚುವುದು ಯಾರಿಂದಾದೀತು?

ಅವಳು ಬಸ್ ಕಂಡಕ್ಟರ್. ಹದಿನಾರು ವರ್ಷದ ಸರ್ವಿಸು, ಹೆಚ್ಚಾಗಿ ನಾರಾಯಣಖೇಡದ ದಾರಿ. ಹೆಂಗಸರಿಗೆ ಪುಕ್ಕಟೆ ಪ್ರಯಾಣ ಬಂದಾಗಿನಿಂದ ಆ ದಾರಿಯ ಬಸ್ಸಿನಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳುವುದಿಲ್ಲ. ಐದು ತಿಂಗಳ ಹಿಂದೆ ಮತ್ತೆ ಕೆಲಸಕ್ಕೆ ಹೋಗತೊಡಗಿದಾಗ, ತಾನು ಕಲಿತದ್ದನ್ನೆಲ್ಲ ಹೊಸದಾಗಿ ಕಲಿಯಬೇಕಾಯಿತು. ಎಡಗೈ ಹೆಗಲಿನಿಂದ ಮೇಲಕ್ಕೆ ಏಳದು, ಆದ್ದರಿಂದ ಮೇಲಿನ ಕಂಬಿಗೆ ಬಲಗೈ, ಟಿಕೆಟ್ ಮಷೀನಿಗೆ ಎಡಗೈ. ಹೊಟ್ಟೆಗೆ ಈ ಸೊಂಟದಿಂದ ಆ ಸೊಂಟದವರೆಗೆ ಹೊಲಿಗೆ. ನೆಟ್ಟಗೆ ನಿಂತರೆ ಲಂಗದ ಲಾಡಿಯನ್ನು ಯಾರೋ ಜಗ್ಗಿ ಬಿಗಿದಂತೆ ಎಳೆಯುವುದು. ಡ್ರೈವರು ಬ್ರೇಕು ಹಾಕಿದಾಗಲೆಲ್ಲ ಅವಳು ಒಳಗೊಳಗೇ ಅವನ ವಂಶವನ್ನು ಹರಸುವಳು.

ಇದನ್ನೆಲ್ಲ ಸಹಿಸಬಹುದಿತ್ತು. ಒಂದು ದಿನ ನಾರಾಯಣಖೇಡದಿಂದ ಹೊರಟ ಬಸ್ಸಿನಲ್ಲಿ, ಮಗಳ ಊರಿಗೆ ಊಟದ ಡಬ್ಬಿ ಒಯ್ಯುತ್ತಿದ್ದ ಒಬ್ಬ ಮುದುಕಿ ಗಾಬರಿಯಿಂದ "ತಪ್ಪಾತವ್ವಾ, ಬಾಳ ನೋವಾತೇನು" ಎಂದಳು. ಯಾಕೆ ಎಂದು ಕೇಳುತ್ತ ಭುವನೇಶ್ವರಿ ತಲೆ ತಗ್ಗಿಸಿ ನೋಡಿದರೆ, ಡಬ್ಬಿಯ ಮೂಲೆ ಅವಳ ಎಡ ಎದೆಯೊಳಗೆ ಅರ್ಧ ಬೆರಳು ಹೂತಿತ್ತು. ಎಷ್ಟು ಹೊತ್ತಿನಿಂದ ಹಾಗಿತ್ತೋ ದೇವರೇ ಬಲ್ಲ. ಅವಳಿಗೆ ಗೊತ್ತೇ ಆಗಿರಲಿಲ್ಲ. "ಏನಿಲ್ಲ ಬಿಡವ್ವಾ" ಎಂದು ಮುಂದಿನ ಸೀಟಿಗೆ ಹೋದಳು. ಸಂಜೆ ಸ್ನಾನಕ್ಕೆ ಹೋದಾಗ ಅಲ್ಲಿ ನೀಲಿ ಕಲೆ.

ಆ ಎದೆಯನ್ನು ಡಾಕ್ಟರು ಅವಳದೇ ಕೆಳಹೊಟ್ಟೆಯ ಚರ್ಮ, ಕೊಬ್ಬು ತೆಗೆದು ಮಾಡಿದ್ದರು. ಸ್ಪರ್ಶ ನಿಧಾನವಾಗಿ ಬರಬಹುದು, ಬರದೆಯೂ ಇರಬಹುದು ಎಂದು ಮೊದಲೇ ಹೇಳಿದ್ದರು. ಕ್ಯಾನ್ಸರಿನ ಭಯದಲ್ಲಿ ಆ ಮಾತು ಯಾರ ತಲೆಗೆ ಹೋದೀತು? ಈಗ ಬಿಸಿನೀರು ಬಿದ್ದರೂ ಅಷ್ಟೆ, ತಣ್ಣೀರು ಬಿದ್ದರೂ ಅಷ್ಟೆ. ಗಂಡ ಸಂಜೀವಕುಮಾರ ಹೈಸ್ಕೂಲಿನಲ್ಲಿ ಗುಮಾಸ್ತ, ಬಡಪಾಯಿ ಮನುಷ್ಯ. ದಿನಾ ಬೆಳಿಗ್ಗೆ "ನೋವೇನರೆ ಅದೇನು" ಎಂದು ಕೇಳುವನು, ರಾತ್ರಿಯಾದರೆ ಮಂಚದ ಅಂಚಿಗೆ ಸರಿದು ಮಲಗುವನು. ಅವನಿಗೆ ತನ್ನ ಮೈ ಬೇಡವಾಗಿದೆ ಎಂದು ಅವಳು ಅಂದುಕೊಂಡಳು. ನೋವಿಲ್ಲ, ಏನೂ ಇಲ್ಲ, ಅದೇ ನನ್ನ ಸಂಕಟ ಎಂದು ಹೇಳಲು ಅವಳಿಗೂ ಬಾಯಿ ಬರಲಿಲ್ಲ.

ಇದಕ್ಕಿಂತ ದೊಡ್ಡದೊಂದನ್ನು ಅವಳು ಮುಚ್ಚಿಟ್ಟಿದ್ದಳು, ಅದೂ ಅತ್ತೆಯಿಂದ.

ಅತ್ತೆ ಉಮಾಬಾಯಿಗೆ ಎಪ್ಪತ್ತು ದಾಟಿದೆ. ಲಿಂಗಪೂಜೆಯಾಗದೆ ಬಾಯಿಗೆ ಹನಿ ನೀರು ಬಿಟ್ಟುಕೊಳ್ಳದ ಹೆಂಗಸು. ಅವರ ಮನೆಯಲ್ಲಿ ಹುಟ್ಟಿದ ಕೂಸಿಗೂ ಲಿಂಗ ಕಟ್ಟುತ್ತಾರೆ, ಭುವನೇಶ್ವರಿಯ ಮಗಳು ಶಿಲ್ಪಾರಾಣಿಗೂ ಹಾಗೆಯೇ ಕಟ್ಟಿದ್ದರು. ಕರಡಿಗೆ ಎಂಬ ಬೆಳ್ಳಿಯ ಗೂಡಿನಲ್ಲಿ, ಶಿವದಾರದಲ್ಲಿ ತೂಗಿ, ಎದೆಯ ಮೇಲೆ ಅದು ಸಾಯುವವರೆಗೆ ಇರಬೇಕು. ಏನೇ ಆದರೂ ಹೊಕ್ಕುಳದಿಂದ ಕೆಳಗೆ ಇಳಿಯಬಾರದು. ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಕಲಿಸುವ ಪಾಠ ಅದು. ಆಪರೇಷನ್ನಿನ ದಿನ ಹೈದರಾಬಾದಿನ ಆಸ್ಪತ್ರೆಯಲ್ಲಿ ಮೈಮೇಲಿನದೆಲ್ಲ ತೆಗೆಯಬೇಕು ಎಂದಾಗ ಸೊಸೆಯ ಲಿಂಗವನ್ನು ಉಮಾಬಾಯಿಯೇ ಇಸಿದುಕೊಂಡು, ಒಂಬತ್ತು ತಾಸು ಅಂಗೈಯಲ್ಲಿ ಹಿಡಿದು, ಅನ್ನ ನೀರಿಲ್ಲದೆ ಬಾಗಿಲಲ್ಲಿ ಕೂತಿದ್ದಳು. ಮುಂದೆ ಎರಡು ವಾರ ಕೊಳವೆಯಲ್ಲಿ ಇಳಿದು ಬರುತ್ತಿದ್ದ ರಕ್ತದ ನೀರನ್ನು ಮುಖ ಕಿವಿಚದೆ ಚೆಲ್ಲಿದವಳೂ ಅವಳೇ.

ಆದರೆ ಮೂರನೆಯ ದಿನ ಒಂದು ಮಾತು ನಡೆದುಹೋಯಿತು. ಮಾಂಸವನ್ನು ಎಲ್ಲಿಂದ ತೆಗೆದರು ಎಂದು ಡಾಕ್ಟರು ಸಂಜೀವಕುಮಾರನಿಗೆ ಕಾಗದದ ಮೇಲೆ ಬರೆದು ತೋರಿಸುತ್ತಿದ್ದರು. ಹಿಂದೆ ನಿಂತಿದ್ದ ಉಮಾಬಾಯಿ, "ಹೊಕ್ಕಳ ಕೆಳಗಿಂದೇನು? ಶಿವನೇ, ಅದರ ಮ್ಯಾಲ ಲಿಂಗ ಹ್ಯಾಂಗ ಇರಬೇಕು" ಎಂದು ತನ್ನಷ್ಟಕ್ಕೆ ಅಂದು ಗಂಜಿ ತರಲು ಹೋದಳು. ಅಂದವಳು ಮರೆತಳು. ಕಣ್ಣು ಮುಚ್ಚಿ ಮಲಗಿದ್ದ ಭುವನೇಶ್ವರಿಯ ಎದೆಯಲ್ಲಿ ಆ ಮಾತು ಮುಳ್ಳಾಗಿ ಕೂತಿತು.

ಮನೆಗೆ ಬಂದು ಕೆಲವು ತಿಂಗಳ ಮೇಲೆ ಲಿಂಗ ಕಟ್ಟಿಕೊಂಡಳು. ಮೂರು ವಾರವಾಗಿರಬೇಕು, ಕುಪ್ಪಸಕ್ಕೆ ರಕ್ತದ ಕಲೆ ಕಂಡು ಬಿಚ್ಚಿ ನೋಡಿದರೆ, ಕರಡಿಗೆಯ ಅಂಚು ಉಜ್ಜಿ ಉಜ್ಜಿ ರೂಪಾಯಿ ಅಗಲದ ಗಾಯ. ಅದೂ ಅವಳಿಗೆ ತಿಳಿದಿರಲಿಲ್ಲ. ಗಾಯ ಮಾಯುವವರೆಗೆ ಅಲ್ಲೇನೂ ಒತ್ತಬಾರದು ಎಂದರು ಡಾಕ್ಟರು. ತಿಂಗಳಲ್ಲಿ ಮಾಯಿತು. ಅವಳು ಮತ್ತೆ ಕಟ್ಟಿಕೊಳ್ಳಲಿಲ್ಲ. ಅತ್ತೆ ಅಂದದ್ದು ಖರೆಯಾಯಿತು, ಆ ಮಾಂಸದ ಮೇಲೆ ಕೂರಲು ಲಿಂಗವೇ ಒಲ್ಲೆ ಎಂದಿತು ಎಂದು ಅವಳ ಮನಸ್ಸು ತೀರ್ಮಾನ ಕೊಟ್ಟುಬಿಟ್ಟಿತು. ಮೈಯೇ ತನ್ನದಲ್ಲ ಎನಿಸಿದ ಮೇಲೆ ಮನಸ್ಸು ಇಂಥ ತೀರ್ಮಾನಗಳನ್ನು ಬಲು ಬೇಗ ಕೊಡುತ್ತದೆ.

ಅಂದಿನಿಂದ ಐದು ತಿಂಗಳು ದಿನಾ ಅದೇ ಆಟ. ಬೆಳಿಗ್ಗೆ ಅತ್ತೆಯ ಪಕ್ಕದಲ್ಲೇ ಕೂತು ಲಿಂಗವನ್ನು ಅಂಗೈ ಮೇಲಿಟ್ಟು ಪೂಜೆ ಮಾಡುವಳು, ವಿಭೂತಿ ಹಚ್ಚಿಕೊಳ್ಳುವಳು, ಆಮೇಲೆ ಕಟ್ಟಿಕೊಳ್ಳುವವಳ ಹಾಗೆ ಗೋಡೆಗೆ ತಿರುಗಿ ಅದನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಸೇರಿಸುವಳು. ಹೆಗಲಿಂದ ಇಳಿಬಿದ್ದ ಆ ಚೀಲದಲ್ಲಿ, ಟಿಕೆಟ್ ರೋಲುಗಳ ನಡುವೆ ಶಿವ ನಾರಾಯಣಖೇಡಕ್ಕೆ ಹೋಗಿ ಬರುತ್ತಿದ್ದ. ಮೈಯಿಂದ ದೂರ ಮಾಡಿದ ಹಾಗೂ ಆಗಲಿಲ್ಲ, ಆ ಮಾಂಸಕ್ಕೆ ತಾಗಿಸಿದ ಹಾಗೂ ಆಗಲಿಲ್ಲ ಎಂಬುದು ಅವಳ ಲೆಕ್ಕಾಚಾರ. ಸಮಾಧಾನ ಮಾತ್ರ ಇರಲಿಲ್ಲ.

ಆಗ ತಮ್ಮ ಪ್ರವೀಣಕುಮಾರನ ಫೋನು ಬಂತು. ಅವನದು ತಾಂಡೂರಿನ ಹತ್ತಿರ, ಯಾಲಾಲಿನಲ್ಲಿ ತೊಗರಿಯ ವ್ಯವಸಾಯ.

"ಅಕ್ಕಾ, ಎರಡನೇದು ಹೆಣ್ಣು ಕೂಸು ಅಂತ ಹೇಳಿದ್ನಲ್ಲ, ಬರೋ ಸೋಮವಾರ ತೊಟ್ಟಿಲಾ ಇಟ್ಟೀವಿ. ಸೋದರತ್ತಿ ಬರದೆ ಅಯ್ಯನವರು ಲಿಂಗಾ ಕಟ್ಟಂಗಿಲ್ಲ."

ಅವಳ ತವರಿನ ಪದ್ಧತಿ ಹಾಗೆ. ಸೋದರತ್ತೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಅದರ ಪುಟ್ಟ ಲಿಂಗವನ್ನು ಮೊದಲು ತನ್ನ ಎದೆಯ ಲಿಂಗಕ್ಕೆ ತಾಗಿಸಬೇಕು. ಆಮೇಲೆ ಅಯ್ಯನವರು ಕೂಸಿಗೆ ಕಟ್ಟುತ್ತಾರೆ. ತುಂಬಿದ ಮನೆಯಲ್ಲಿ ಬರಿ ಎದೆಗೆ ಕೂಸಿನ ಲಿಂಗ ತಾಗಿಸುವ ಧೈರ್ಯ ಭುವನೇಶ್ವರಿಗಿರಲಿಲ್ಲ. ನಿಜ ಹೇಳಿದರೆ, ನಿನ್ನ ಮೈ ಇನ್ನು ಲಿಂಗಕ್ಕೆ ತಕ್ಕದ್ದಲ್ಲ ಎಂದು ಯಾರಾದರೂ ಬಾಯಿ ಬಿಟ್ಟು ಹೇಳುವರು. ಐದು ತಿಂಗಳು ಅವಳು ತಪ್ಪಿಸಿಕೊಂಡು ಓಡುತ್ತಿದ್ದದ್ದು ಆ ಒಂದು ಮಾತಿನಿಂದ.

"ರಜಾ ಸಿಗೋದು ಕಷ್ಟ ಅದ ಪ್ರವೀಣಾ" ಎಂದಳು.

ರೊಟ್ಟಿ ಬಡಿಯುತ್ತಿದ್ದ ಉಮಾಬಾಯಿ ಹಿಟ್ಟಿನ ಕೈಯಲ್ಲೇ ಫೋನು ಇಸಿದುಕೊಂಡಳು. "ಬರ್ತಾಳಪ್ಪಾ. ರಜಾ ಕೊಡಲಿಲ್ಲಂದ್ರ ನಾನೇ ಹೋಗಿ ಡಿಪೋ ಮ್ಯಾನೇಜರ್ ಬಾಗಲ್ದಾಗ ಕೂಡ್ತೀನಿ. ಆತ ನನಗೇನು ತಿಂತಾನೇನು?"

ಮ್ಯಾನೇಜರಿಗೆ ಆ ಗಂಡಾಂತರ ಬರಲಿಲ್ಲ, ರಜೆ ಸಿಕ್ಕಿತು. ಸೋಮವಾರ ಬೆಳಿಗ್ಗೆ ಅತ್ತೆ ಸೊಸೆ ತಾಂಡೂರಿನ ಬಸ್ಸು ಹತ್ತಿದರು. ಕೂಸಿನ ತಲೆಗೆ ಕುಂಚಿಗೆ, ಬಟ್ಟೆ, ಉಂಡೆಯ ಡಬ್ಬಿ ಉಮಾಬಾಯಿಯ ಕಾಲ ಬಳಿ. ಭುವನೇಶ್ವರಿಯ ಕೈಚೀಲ ಇಬ್ಬರ ನಡುವೆ. ಊರು ದಾಟುವುದರೊಳಗೆ ಭುವನೇಶ್ವರಿಗೆ ಜೊಂಪು ಹತ್ತಿತು. ಕಿಮೋ ಆದಾಗಿನಿಂದ ಕೂತಲ್ಲಿ ನಿದ್ದೆ ಬರುವುದು ಅವಳಿಗೊಂದು ರೂಢಿ.

ಕಂಡಕ್ಟರ್ ಸಾಯಮ್ಮ ಗುರುತಿನವಳು. ಆದರೂ ಗುರುತು ಬೇರೆ, ರೂಲು ಬೇರೆ. "ಪೆದ್ದಮ್ಮಾ, ಆಧಾರ್ ತೋರಿಸ್ರಿ, ಜೀರೋ ಟಿಕೆಟ್ ಹೊಡೀತೀನಿ" ಎಂದಳು. ಮಲಗಿದ ಸೊಸೆಯನ್ನು ಎಬ್ಬಿಸುವುದೇಕೆ ಎಂದು ಉಮಾಬಾಯಿ ತಾನೇ ಕೈಚೀಲದೊಳಗೆ ಕೈಹಾಕಿ ತಡಕಿದಳು. ಬೆರಳಿಗೆ ಬಟ್ಟೆಯ ಗಂಟೊಂದು ಸಿಕ್ಕಿತು. ಮೇಲಿಂದಲೇ ಒತ್ತಿ ನೋಡಿದಳು. ಎಪ್ಪತ್ತು ವರ್ಷ ದಿನಾ ಹಿಡಿದ ಕೈಗೆ ಒಳಗಿರುವುದು ಏನೆಂದು ಬಿಚ್ಚಿ ನೋಡಬೇಕಾಗಿರಲಿಲ್ಲ.

ಎಚ್ಚರವಾದಾಗ ಭುವನೇಶ್ವರಿ ಕಂಡದ್ದು, ಅತ್ತೆಯ ತೊಡೆಯ ಮೇಲೆ ತನ್ನ ಚೀಲ, ಅದರ ಮೇಲೆ ಅವಳ ಎರಡೂ ಕೈ. ಉಮಾಬಾಯಿ ಕಿಟಕಿಯ ಹೊರಗಿನ ತೊಗರಿ ಹೊಲಗಳನ್ನೇ ನೋಡುತ್ತಿದ್ದಳು. ತಾಂಡೂರಿನ ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸಿದರು, ಯಾಲಾಲಿನಲ್ಲಿ ಇಳಿದರು, ಒಂದು ಮಾತಿಲ್ಲ. ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ಉಮಾಬಾಯಿ ಚೀಲವನ್ನು ಎದೆಗೆ ಎತ್ತಿ ಹಿಡಿದುಕೊಂಡೇ ಮುಂದೆ ನಡೆದಳು, ಭುವನೇಶ್ವರಿ ಹಿಂದೆ.

ತವರು ಮನೆಯಲ್ಲಿ ಹೋಳಿಗೆಯ ವಾಸನೆ, ಹೆಂಗಸರ ಗದ್ದಲ. ತಾಯಿ ಸುಗಲಾಬಾಯಿ ಕಾಲಿಗೆ ನೀರು ಕೊಟ್ಟು ಮಗಳ ಮುಖ ಸವರಿದಳು. "ಮಾತು ಆಮ್ಯಾಲರೀ ಬೀಗತಿ, ಸೀರಿ ಬದಲಾಯಿಸ್ಕೊಂಡು ಬರ್ತೀವಿ" ಎಂದು ಉಮಾಬಾಯಿ ಸೊಸೆಯನ್ನು ಒಳಕೋಣೆಗೆ ಕರೆದೊಯ್ದು ಚಿಲಕ ಹಾಕಿದಳು. ತೊಗರಿಯ ಚೀಲಗಳ ನಡುವೆ ಒಂದು ಮಂಚ, ಮೇಲೊಂದು ಕಿಟಕಿ. ಗಂಟನ್ನು ತೆಗೆದು ಮಂಚದ ಮೇಲಿನ ಮಡಿಬಟ್ಟೆಯ ಮೇಲಿಟ್ಟಳು.

"ಎಷ್ಟು ದಿನಾ ಆತು?"

"ಐದು ತಿಂಗಳಾತ್ರಿ."

"ಬ್ಯಾಡಾತೇನು ನಿನಗ?"

ಆ ಪ್ರಶ್ನೆ ಕೇಳಿ ಭುವನೇಶ್ವರಿಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. "ನೀವೇ ಅಂದಿದ್ರಿ ಅತ್ತಿ" ಎಂದಳು. "ಆಸ್ಪತ್ರ್ಯಾಗ. ಹೊಕ್ಕಳ ಕೆಳಗಿಂದು, ಅದರ ಮ್ಯಾಲ ಲಿಂಗ ಹ್ಯಾಂಗ ಇರಬೇಕು ಅಂತ. ನಾ ಎಚ್ಚರಿದ್ದೆ. ಆದ್ರೂ ಕಟ್ಟಿಕೊಂಡೆ, ಗಾಯ ಆತು. ಅದೇ ಒಲ್ಲೆ ಅಂತಂದ್ರ ನಾ ಏನು ಮಾಡಬೇಕಿತ್ತು? ನಿಮಗ ಹ್ಯಾಂಗ ಹೇಳಬೇಕಿತ್ತು?"

ಉಮಾಬಾಯಿ ಮಂಚದ ಮೇಲೆ ಕೂತಳು. ನೆನಪು ಬರಲು ಸ್ವಲ್ಪ ಹೊತ್ತು ಹಿಡಿಯಿತು. ಬಂದಾಗ ಮುಖ ಕಪ್ಪಿಟ್ಟಿತು.

"ಅಂದೆನವ್ವಾ, ಅಂದೆ" ಎಂದಳು. "ನೀ ಸಾಯ್ತಿ ಅಂತ ಹೆದರಿದ್ದೆ. ಹೆದರಿದ ಬಾಯಿಗೆ ಏನು ಬಂತೋ ಅಂದೆ. ತಪ್ಪು ನಂದು."

ಇಪ್ಪತ್ತಮೂರು ವರ್ಷದ ಸಂಸಾರದಲ್ಲಿ ಅತ್ತೆಯ ಬಾಯಿಂದ ತಪ್ಪು ನಂದು ಎಂಬ ಮಾತನ್ನು ಭುವನೇಶ್ವರಿ ಕೇಳಿರಲಿಲ್ಲ. ಆದರೆ ಉಮಾಬಾಯಿಗೆ ತಪ್ಪೊಪ್ಪಿಕೊಂಡು ಸುಮ್ಮನಿರುವ ಅಭ್ಯಾಸವಿಲ್ಲ.

"ನೀನೂ ಶಾಣ್ಯಾಕಿ ಅಲ್ಲ ಬಿಡು. ಹೊಕ್ಕಳ ಕೆಳಗಿನದಕ್ಕ ತಾಗಬಾರ್ದು ಅಂತ ಚೀಲದಾಗ ಇಟ್ಟಿ. ಆ ಚೀಲ ಎಲ್ಲಿ ತೂಗತದ? ಸೊಂಟದ ಮ್ಯಾಲ. ಐದು ತಿಂಗಳು ಶಿವ ಎಲ್ಲಿದ್ದ ಹಂಗಾರ?"

ಅಷ್ಟು ಲೆಕ್ಕ ಹಾಕಿದ್ದ ಭುವನೇಶ್ವರಿಗೆ ಇದೊಂದು ಹೊಳೆದಿರಲಿಲ್ಲ.

"ಕೆಳಗ ಇಳೀಬಾರ್ದು ಅಂತ ಹಿರಿಯರು ಅಂದದ್ದು ಲಿಂಗಕ್ಕ" ಎಂದಳು ಉಮಾಬಾಯಿ. "ಮಾಂಸಕ್ಕ ಮ್ಯಾಲ ಏರಬ್ಯಾಡ ಅಂತ ಯಾರರೆ ಅಂದಾರೇನು? ಬಾ ಇಲ್ಲಿ. ತೆಗಿ, ನೋಡೋಣ."

ಇದುವರೆಗೆ ಆಸ್ಪತ್ರೆಯವರನ್ನು ಬಿಟ್ಟು ಯಾರಿಗೂ ತೋರಿಸಿರಲಿಲ್ಲ. ಕೊಳವೆಯ ನೀರು ಚೆಲ್ಲುವಾಗಲೂ ಅತ್ತೆಗೆ ಅಡ್ಡ ಟವೆಲು ಹಿಡಿಯುತ್ತಿದ್ದಳು. ತಾನೂ ಹೆಚ್ಚಾಗಿ ಸ್ನಾನದಲ್ಲಿ ಗೋಡೆ ನೋಡಿಕೊಂಡೇ ಮೈ ತೊಳೆಯುತ್ತಿದ್ದಳು. ಈಗ ಕಿಟಕಿಯ ಬೆಳಕಿನಲ್ಲಿ ಕುಪ್ಪಸದ ಗುಂಡಿ ಬಿಚ್ಚುವಾಗ ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು, ಪರೀಕ್ಷೆಯ ಫಲಿತಾಂಶ ನೋಡಲು ಹೊರಟಂತೆ.

ಉಮಾಬಾಯಿ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು. ದುಂಡನೆಯ ಹೊಲಿಗೆ, ಮಾಯ್ದ ಗಾಯದ ಕಲೆ. ಅವಳ ಬೆರಳು ಹೊಲಿಗೆಯನ್ನು ಬಿಟ್ಟು ಬೇರೆಲ್ಲೋ ಹೋಯಿತು.

"ಇವು ಶಿಲ್ಪಾ ಹೊಟ್ಟ್ಯಾಗಿದ್ದಾಗಿನ ಗೆರಿ ಅಲ್ಲೇನು?"

ಭುವನೇಶ್ವರಿ ತಲೆ ಬಗ್ಗಿಸಿದಳು. ಹೊಸ ಎದೆಯ ಚರ್ಮದಲ್ಲಿ ಓರೆಯಾಗಿ ನಾಲ್ಕೈದು ಬಿಳಿಯ ಗೆರೆಗಳು. ಅವನ್ನೂ ಡಾಕ್ಟರರ ಕೆಲಸವೆಂದೇ ಅವಳು ಇಷ್ಟು ದಿನ ತಿಳಿದಿದ್ದಳು.

"ಏಳು ತಿಂಗಳು ತುಂಬಿದಾಗ ಹೊಟ್ಟಿ ಕೆರೀತದ ಅಂತ ಅಳತಿದ್ದಿ. ದಿನಾ ಔಡಲೆಣ್ಣಿ ತಿಕ್ಕಿದಾಕಿ ಯಾರು? ಈ ಗೆರಿ ಹುಟ್ಟಿದಾಗಿಂದ ನಾ ಬಲ್ಲೆ. ಶಿಲ್ಪಾರಾಣಿನ್ನ ಒಂಬತ್ತು ತಿಂಗಳು ಇಟ್ಟುಕೊಂಡ ಮಾಂಸ ಇದು. ಆ ಕೂಸಿಗೆ ಜಾಗಾ ಕೊಟ್ಟದ್ದಕ್ಕ ಶಿವ ಬ್ಯಾಡ ಅಂತಾನೇನು?"

ಭುವನೇಶ್ವರಿ ನೋಡುತ್ತಲೇ ಇದ್ದಳು. ಅತ್ತೆಯ ಬೆರಳು ಗೆರೆಯಿಂದ ಗೆರೆಗೆ ಹೋಗುವುದು ಕಣ್ಣಿಗೆ ಕಾಣುತ್ತಿತ್ತು, ಮೈಗೆ ತಿಳಿಯುತ್ತಿರಲಿಲ್ಲ. ಯಾರಿಗೂ ಹೇಳದ ಮಾತು ತಾನಾಗಿ ಹೊರಬಂತು.

"ಅತ್ತಿ, ನೀವು ಮುಟ್ಟಿದ್ದು ನನಗ ಗೊತ್ತಾಗವಲ್ದ್ರಿ. ಏನೂ ಗೊತ್ತಾಗಂಗಿಲ್ಲ ಅಲ್ಲಿ. ಕಟ್ಟಿದ್ರೂ ಅದು ಅದನೋ ಇಲ್ಲೋ ನನಗ ತಿಳಿಯಂಗಿಲ್ಲ."

ಸೊಸೆ ಅಳಲು ಶುರುಮಾಡಿದಳು, ಹನ್ನೊಂದು ತಿಂಗಳ ಅಳು. ಉಮಾಬಾಯಿ ಅವಳ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡು ಕೂತಳು. ಹೊರಗೆ ಯಾರೋ ಬಾಗಿಲು ಬಡಿದರೆ "ಬಂದ್ವಿ" ಎಂದು ಗದರಿದಳು.

"ಸಂಜುಗ ಹೇಳೀಯೇನು?"

ಇಲ್ಲ ಎಂದು ಸೊಸೆ ತಲೆಯಾಡಿಸಿದಳು.

"ಹೇಳು. ಕೈ ತಾಗಿದ್ರ ಹೊಲಿಗಿ ಬಿಚ್ಚತಾವೇನವ್ವಾ ಅಂತ ನನಗ ಕೇಳ್ದ ಆ ಹುಚ್ಚ. ನಿನಗ ನೋವಾದೀತು ಅಂತ ಹೆದರಿ ಮೂಲಿ ಹಿಡ್ದಾನ."

ಭುವನೇಶ್ವರಿ ಅಳುತ್ತಲೇ ತಲೆಯೆತ್ತಿ ಅತ್ತೆಯನ್ನು ನೋಡಿದಳು. ಮಂಚದ ಅಂಚಿಗೆ ಮಲಗುವ ಆ ಮನುಷ್ಯನ ಮೇಲೆ ಅವಳಿಗೆ ಒಮ್ಮೆಲೇ ಕನಿಕರವೂ ಪ್ರೀತಿಯೂ ಉಕ್ಕಿತು.

ಉಮಾಬಾಯಿ ಗಂಟು ಬಿಚ್ಚಿದಳು. ಬೆಳ್ಳಿಯ ಕರಡಿಗೆಯನ್ನು ಪಕ್ಕಕ್ಕಿಟ್ಟು, ಲಿಂಗವನ್ನು ಮಾತ್ರ ಮೆತ್ತನೆಯ ಬಟ್ಟೆಯಲ್ಲಿ ನಾಲ್ಕು ಮಡಿಕೆ ಸುತ್ತಿ ದಾರಕ್ಕೆ ಕಟ್ಟಿದಳು. "ಒತ್ತಂಗಿಲ್ಲ ಇನ್ನ. ದಿನಾ ಜಳಕದ ಹೊತ್ತಿಗೆ ಕನ್ನಡ್ಯಾಗ ನೋಡ್ಕೋ, ಕೆಂಪಗಾದ್ರ ನನಗ ಹೇಳು." ಸೊಸೆಯ ಕೊರಳಿಗೆ ಹಾಕುತ್ತ, ಬೇರೆ ಯಾವುದೋ ಮಾತು ಆಡುವವಳಂತೆ ಹೇಳಿದಳು:

"ನನಗೂ ಗೊತ್ತಾಗಂಗಿಲ್ಲ."

"ಏನ್ರಿ?"

"ಇದು ಎದಿ ಮ್ಯಾಲ ಅದ ಅಂತ. ಕಟ್ಟಿ ಎಪ್ಪತ್ತು ವರ್ಷಾತು, ಮೈ ಮರ್ತು ಬಿಟ್ಟದ. ಅದಕ್ಕೇ ದಿನಕ್ಕ ಹತ್ತು ಸಲ ಕೈ ಹಚ್ಚಿ ನೋಡ್ಕೋತೀನಿ. ನೀನೂ ಕೈ ಹಚ್ಚಿ ನೋಡ್ಕೋತ ಹೋಗು. ಕೈಗಿ ಗೊತ್ತಾಗ್ತದಲ್ಲ, ಸಾಕು."

ಪಡಸಾಲೆಯ ನೀಲಿ ಕಲ್ಲಿನ ನೆಲದ ಮೇಲೆ ಕಂಬಳಿ ಹಾಸಿದ್ದರು. ಭುವನೇಶ್ವರಿ ಹೊಟ್ಟೆಯ ಹೊಲಿಗೆ ಎಳೆಯದಂತೆ ಮೆಲ್ಲಗೆ, ಒಂದು ಕೈ ಊರಿ ಕೂತಳು. ತಾಯಿ ಕೂಸನ್ನು ತಂದು ಎಡಮಗ್ಗುಲಿಗೆ ಒರಗಿಸಿದಳು. ಕೂಸಿನ ಕೆನ್ನೆ ಎದೆಗೆ ತಾಗಿತು. ಪವಾಡವೇನೂ ಆಗಲಿಲ್ಲ, ಅವಳಿಗೆ ಅದರ ಬಿಸಿ ತಿಳಿಯಲಿಲ್ಲ. ಕೂಸಿಗೆ ಆ ಭೇದವೆಲ್ಲಿ? ಹಸಿದಿತ್ತೋ ಏನೋ, ಮುಖ ತಿರುಗಿಸಿ ಕುಪ್ಪಸದ ಮೇಲೆಲ್ಲ ಬಾಯಿ ಆಡಿಸುತ್ತ ಹಾಲು ಹುಡುಕತೊಡಗಿತು. ಹೆಂಗಸರು ನಕ್ಕರು. ಬಟ್ಟೆ ಒದ್ದೆಯಾದದ್ದನ್ನು ಭುವನೇಶ್ವರಿ ಕಣ್ಣಿಂದ ಕಂಡಳು.

ಅಯ್ಯನವರು ಕೂಸಿನ ಲಿಂಗಕ್ಕೆ ವಿಭೂತಿ ಹಚ್ಚಿ ಅವಳತ್ತ ಚಾಚಿದರು. "ಮೊದಲು ನಿಂದಕ್ಕ ತಾಗಿಸವ್ವಾ. ಅದಲ್ಲ ಮೈಮ್ಯಾಲ?"

ಅವಳು ಸೆರಗಿನೊಳಗೆ ಕೈಹಾಕಿದಳು. ಮೊದಲು ಬೆರಳಿಗೆ ಸಿಕ್ಕದ್ದು ಬಟ್ಟೆಯ ಗಂಟು, ಅದರ ಮಗ್ಗುಲಲ್ಲೇ ಕೂಸಿನ ಬಾಯಿ. ಹುಡುಕಿ ಬೇಸತ್ತಿದ್ದ ಕೂಸು ಅವಳ ಬೆರಳನ್ನು ಗಬಕ್ಕನೆ ಹಿಡಿದು ಚೀಪತೊಡಗಿತು, ಬಿಸಿಯಾಗಿ, ಜೋರಾಗಿ. ಮೊಣಕೈವರೆಗೆ ಜುಮ್ಮೆಂದಿತು ಅವಳಿಗೆ.

"ಅದರೀ ಅಯ್ಯನವರೇ" ಎಂದಳು. "ಇಲ್ಲೇ ಅದ."